ಬ್ಯಾಕಪ್ ಇದೆ ಅನ್ನೋ ನೆಮ್ಮದಿ

ಶೇಕಡಾ 99.9 ಅಪ್‌ಟೈಮ್ ಗ್ಯಾರಂಟಿ! ಹೋಸ್ಟಿಂಗ್ ಮಾರುವವರ ಪುಟಗಳಲ್ಲಿ ಈ ಸಾಲು ದಪ್ಪಕ್ಷರದಲ್ಲೇ ಇರುತ್ತೆ. ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟು ಬಂದಿದ್ದರೆ ಪೇಪರಿನಲ್ಲಿ ಫೋಟೋ ಬರ್ತಿತ್ತು. ಆದರೆ ಉಳಿದ 0.1 ಎಷ್ಟು ಅಂತ ಲೆಕ್ಕ ಹಾಕಿ ನೋಡಿ: ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ. ಅದು ಭಾನುವಾರ ಬೆಳಗಿನ ಜಾವ ಬರುತ್ತೋ, ನೀವು ದೀಪಾವಳಿ ಆಫರ್ ಬಿಟ್ಟ ಸಂಜೆಯೇ ಬರುತ್ತೋ, ಗ್ಯಾರಂಟಿಯಲ್ಲಿ ಬರೆದಿರೋದಿಲ್ಲ. ಅದನ್ನೂ ಮೀರಿ ಸೈಟ್ ಮಲಗಿದರೆ ಸಾಮಾನ್ಯವಾಗಿ ಸಿಗುವುದು ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ಕಡಿತ, ಅಷ್ಟೇ. ಹೋದ ಗಿರಾಕಿ ನಿಮ್ಮ ಲೆಕ್ಕಕ್ಕೆ.

ಹಾಗಂತ ಕಂಪನಿಗಳು ಮೋಸ ಮಾಡ್ತಿವೆ ಅಂತ ನಾನು ಹೇಳ್ತಿಲ್ಲ. ನನ್ನ ತಕರಾರು ಕೊಳ್ಳುವವರ ಬಗ್ಗೆ. ‘ಡೈಲಿ ಬ್ಯಾಕಪ್’ ಅನ್ನೋದರ ಪಕ್ಕ ಹಸಿರು ಟಿಕ್ ಕಂಡ ಕೂಡಲೇ ಸಿದ್ಧತೆ ಮುಗೀತು ಅಂದುಕೊಳ್ಳುವ ಆ ನೆಮ್ಮದಿ ಇದೆಯಲ್ಲ, ಅದು ನನಗೆ ಭಯ ಹುಟ್ಟಿಸುತ್ತೆ.

2021ರ ಮಾರ್ಚ್ 10ರ ನಡುರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್‌ಕ್ಲೌಡ್ ಕಂಪನಿಯ ಐದಂತಸ್ತಿನ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಬೂದಿ, ಪಕ್ಕದ್ದು ಅರೆಬರೆ. ಲಕ್ಷಾಂತರ ಸೈಟುಗಳು ಮಾಯವಾದವು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ನಿಮ್ಮ ನಿಮ್ಮ ಡಿಸಾಸ್ಟರ್ ರಿಕವರಿ ಪ್ಲಾನ್ ಜಾರಿಗೆ ತನ್ನಿ ಅಂತ ಸ್ಥಾಪಕ ಆಕ್ಟೇವ್ ಕ್ಲಾಬಾ ಗ್ರಾಹಕರಿಗೆ ಟ್ವೀಟ್ ಮಾಡಿದರು. ಪ್ಲಾನ್ ಇದ್ದವರು ತಂದರು. ಇಲ್ಲದವರಿಗೆ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆ ಅಕ್ಷರಶಃ ಎದುರಿಗೆ ನಿಂತಿತ್ತು. ಇನ್ನೂ ಕೆಲವರು ದುಡ್ಡು ಕೊಟ್ಟು ಬ್ಯಾಕಪ್ ಸೇವೆ ಕೊಂಡಿದ್ದರು. ಆದರೆ ಆ ಪ್ರತಿಗಳೂ ಇದ್ದದ್ದು ಅದೇ ಜಾಗದಲ್ಲಿ! 2023ರಲ್ಲಿ ಲಿಲ್ ನಗರದ ವಾಣಿಜ್ಯ ನ್ಯಾಯಾಲಯ, ಇದು ಒಪ್ಪಂದಕ್ಕೆ ತಕ್ಕಂತಿಲ್ಲ ಅಂತ ಅಂಥ ಒಬ್ಬ ಗ್ರಾಹಕರ ಪರ ತೀರ್ಪು ಕೊಟ್ಟಿತು. ತೀರ್ಪು ಬಂತು, ಸುಟ್ಟುಹೋದ ಡೇಟಾ ಬರಲಿಲ್ಲ.

ಬೆಂಕಿಯೇ ಬೀಳಬೇಕಂತಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರು ಕೈತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಅವರಲ್ಲಿ ಒಂದಲ್ಲ, ಐದು ಬಗೆಯ ಬ್ಯಾಕಪ್ ಮತ್ತು ಪ್ರತಿ ವ್ಯವಸ್ಥೆಗಳಿದ್ದವು. ನಂಬುವಂಥದ್ದು ಒಂದೂ ಇರಲಿಲ್ಲ. ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ಅದು ಮೌನವಾಗಿ ಸೋಲುತ್ತಿತ್ತು, ಎಚ್ಚರಿಸಬೇಕಿದ್ದ ಈಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಕೊನೆಗೆ ಕೈಹಿಡಿದದ್ದು ಬೇರೆ ಯಾವುದೋ ಕೆಲಸಕ್ಕೆ ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಇದೆಲ್ಲವನ್ನೂ ಅವರು ಮುಚ್ಚಿಡದೆ ಪ್ರಕಟಿಸಿದರು, ಅದಕ್ಕೆ ನನ್ನ ಸಲಾಂ. ನಾನು ಅದರಿಂದ ಕಲಿತದ್ದು ಇಷ್ಟು: ಒಮ್ಮೆಯೂ ರಿಸ್ಟೋರ್ ಮಾಡಿ ನೋಡದ ಬ್ಯಾಕಪ್ಪು ಬ್ಯಾಕಪ್ಪೇ ಅಲ್ಲ, ಅದೊಂದು ಹರಕೆ.

ಈಗ ನಮ್ಮ ವಿಷಯಕ್ಕೆ ಬರೋಣ. ಬ್ಯಾಂಕುಗಳು ತಮ್ಮ ಮುಖ್ಯ ವ್ಯವಸ್ಥೆಗಳಿಗೆ ಆರು ತಿಂಗಳಿಗೊಮ್ಮೆಯಾದರೂ ಡಿಆರ್ ಡ್ರಿಲ್ ಮಾಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಆ ಡ್ರಿಲ್‌ಗಾಗಿ ಶನಿವಾರ ರಾತ್ರಿ ನಿದ್ದೆಗೆಟ್ಟು ಕೂರುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಇದನ್ನು ಓದುತ್ತಿರುವವರಲ್ಲೂ ಇರಬಹುದು. ಅದೇ ಜನ ಕಟ್ಟಿಕೊಟ್ಟ ಅಕ್ಕನ ಸೀರೆ ವ್ಯಾಪಾರದ ಸೈಟು, ಊರಿನ ಸಂಘದ ಸೈಟು, ಹತ್ತು ವರ್ಷದ ಬರಹ ಇರುವ ಸ್ವಂತ ಬ್ಲಾಗು ಹೇಗಿರುತ್ತೆ? ಡೊಮೇನು, ಹೋಸ್ಟಿಂಗು, ಈಮೇಲು, ಬ್ಯಾಕಪ್ಪು ಎಲ್ಲಾ ಒಂದೇ ಕಂಪನಿಯಲ್ಲಿ, ಒಂದೇ ಪಾಸ್‌ವರ್ಡಿನ ಹಿಂದೆ. ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಇದಕ್ಕೇ.

‘ನಮ್ಮದು ಚಿಕ್ಕ ಸೈಟು, ಅಷ್ಟೆಲ್ಲಾ ಯಾಕೆ’ ಅನ್ನುವ ವಾದ ನಾನು ಒಪ್ಪಲ್ಲ. ದೊಡ್ಡವರಿಗೆ ಬಿದ್ದರೆ ಎಬ್ಬಿಸೋಕೆ ಜನ ಇರ್ತಾರೆ. ಅಕ್ಕನಿಗೆ ಇರೋದು ನೀವೊಬ್ಬರೇ. ಖರ್ಚೂ ದೊಡ್ಡದಲ್ಲ. ಡೊಮೇನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ಇಟ್ಟರೆ ಸರ್ವರ್ ಬಿದ್ದಾಗ ವಿಳಾಸವನ್ನು ಬೇರೆಡೆಗೆ ತಿರುಗಿಸಬಹುದು. ಡಿಎನ್‌ಎಸ್‌ನ ಟಿಟಿಎಲ್ ಅನ್ನು ಮೊದಲೇ 300 ಸೆಕೆಂಡಿಗೆ ಇಳಿಸಿದ್ದರೆ ಆ ಬದಲಾವಣೆ ಬೇಗ ತಲುಪುತ್ತೆ. ಬ್ಯಾಕಪ್ಪಿನ ಒಂದು ಪ್ರತಿ ಬೇರೆ ಊರಲ್ಲಿ, ಬೇರೆ ಕಂಪನಿಯಲ್ಲಿರಲಿ. ಫೋನ್ ನಂಬರ್ ಮತ್ತು ‘ಸ್ವಲ್ಪ ಹೊತ್ತು ಕಾಯಿರಿ’ ಅನ್ನೋ ಒಂದು ಸರಳ ಪುಟ ಇನ್ನೆಲ್ಲಾದರೂ ತಯಾರಿರಲಿ. ಇದು ಅತಿಯಾಯ್ತು ಅನಿಸಿದರೆ ನೆನಪಿಡಿ: 2017ರ ಫೆಬ್ರುವರಿ 28ರಂದು ಅಮೆಜಾನ್‌ನ ಎಸ್3 ಬಿದ್ದಾಗ, ಯಾವುದು ಬಿದ್ದಿದೆ ಅಂತ ಹೇಳಬೇಕಿದ್ದ ಅವರ ಡ್ಯಾಶ್‌ಬೋರ್ಡೂ ಎಸ್3ನ್ನೇ ನಂಬಿಕೊಂಡಿದ್ದರಿಂದ ಸುದ್ದಿ ಹೇಳೋಕೆ ಟ್ವಿಟರಿಗೆ ಹೋಗಬೇಕಾಯ್ತು.

ಸರ್ವರ್ ಬೀಳುತ್ತೆ, ಅದು ನಿಮ್ಮ ಕೈಯಲ್ಲಿಲ್ಲ. ಈ ಶನಿವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಆ ಬ್ಯಾಕಪ್ ಫೈಲನ್ನು ಇಳಿಸಿ, ಲ್ಯಾಪ್‌ಟಾಪಿನಲ್ಲಿ ಬಿಚ್ಚಿ, ಸೈಟ್ ಎದ್ದು ನಿಲ್ಲುತ್ತಾ ನೋಡಿ. ನಿಲ್ಲದಿದ್ದರೆ ಅದು ಇವತ್ತೇ ಗೊತ್ತಾಗಲಿ, ಅಕ್ಕನ ಫೋನ್ ಬಂದ ದಿನ ಅಲ್ಲ.