ಶಿಗೆಯ ಪರವಾಗಿ

ಯಸುಜಿರೊ ಓಜುವಿನ ‘ಟೋಕಿಯೋ ಸ್ಟೋರಿ’ (1953) ಮೊದಲ ಸಲ ನೋಡಿದಾಗ ಹಿರಿಮಗಳು ಶಿಗೆಯ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು. ಒನೊಮಿಚಿಯಿಂದ ಮಕ್ಕಳನ್ನು ನೋಡಲು ಬಂದ ಮುದಿ ತಂದೆತಾಯಿಯನ್ನು, ಅಣ್ಣನೊಡನೆ ಖರ್ಚು ಹಂಚಿಕೊಂಡು, ಅಟಾಮಿಯ ಬಿಸಿನೀರಿನ ಬುಗ್ಗೆಗಳಿಗೆ ಸಾಗಹಾಕುತ್ತಾಳೆ. ತಾಯಿಗೆ ಕಾಯಿಲೆಯೆಂದು ತಂತಿ ಬಂದರೆ ಸೂತಕದ ಬಟ್ಟೆಯ ಮಾತೆತ್ತುತ್ತಾಳೆ. ಅಂತ್ಯಕ್ರಿಯೆ ಮುಗಿಸಿ ಊಟಕ್ಕೆ ಕೂತಲ್ಲೇ ತಾಯಿಯ ಉಡುಪು ಕೇಳುತ್ತಾಳೆ. ಇನ್ನೇನು ಬೇಕು?

ನನ್ನ ತಾಯಿಗೆ ಕಾಯಿಲೆಯೆಂದು ಸುದ್ದಿ ಬಂದ ರಾತ್ರಿ ನಾನು ಮೊದಲು ಎಣಿಸಿದ್ದು ಉಳಿದಿದ್ದ ರಜೆಗಳನ್ನು.

ವರ್ಷಗಳ ಮೇಲೆ ಚಿತ್ರವನ್ನು ಮತ್ತೆ ನೋಡಿದೆ. ತಾಯಿ ಬೆಳಗಿನತನಕ ಉಳಿಯಲಾರಳೆಂದು ಅಣ್ಣ ಹೇಳಿದಾಗ ಶಿಗೆ ಅಳುತ್ತಾಳೆ. ಮೊದಲ ಸಲ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹರುಕೊ ಸುಗಿಮುರಳ ಅಭಿನಯದಲ್ಲಿ ಆ ಅಳುವೂ ನಿಜ, ಬಟ್ಟೆಯ ಆಸೆಯೂ ನಿಜ. ಚಾಪೆಯ ಮೇಲೆ ಕೂತವರ ಎತ್ತರಕ್ಕಿಂತ ಮೇಲೇಳದ ಓಜುವಿನ ಕ್ಯಾಮೆರಾ ಅವಳನ್ನು ದೂರಲು ಹೋಗುವುದಿಲ್ಲ; ದೂರುವವರು ನಾವು, ವಿಮರ್ಶಕರು. ವಿಧವೆ ಸೊಸೆ ನೊರಿಕೊಳನ್ನು ಕೊಂಡಾಡುತ್ತೇವಲ್ಲ, ಮಕ್ಕಳು ಬೆಳೆದಂತೆ ದೂರವಾಗುವುದು ಸಹಜವೆಂದು ಶಿಗೆಯ ಪರವಾಗಿ ಮಾತಾಡುವವಳು ಅವಳೇ. ಕೇಳಿಸಿಕೊಳ್ಳುವ ಕಿರಿಮಗಳು ಕ್ಯೋಕೊಗೆ ಆ ಮಾತು ಹಿಡಿಸುವುದಿಲ್ಲ. ಮೊದಲ ಸಲ ನನಗೂ ಹಿಡಿಸಿರಲಿಲ್ಲ.