ರೋಡ್‌ಕಿಂಗೋ, ಟ್ವಿನ್ನೋ?

ಮಂಡಿ ಮೊಹಲ್ಲಾದ ಗ್ಯಾರೇಜಿನ ಮುಂದೆ ನನ್ನ ಯೆಜ್ಡಿ ರೋಡ್‌ಕಿಂಗ್ ಪಕ್ಕದಲ್ಲೇ ಒಂದು 350 ಟ್ವಿನ್ ನಿಂತಿತ್ತು. ಅದರ ಯಜಮಾನರು ಅದಲು ಬದಲಿಗೆ ಒಪ್ಪಿದ್ದಾರೆ. ಮೇಲಷ್ಟು ದುಡ್ಡು ಸೇರಿಸಿ ಕೊಡಬೇಕು, ಅಷ್ಟೆ.

ಎರಡೂ ನಮ್ಮೂರಿನವೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದವು. 1996ರಲ್ಲಿ ಅದು ಬಾಗಿಲು ಹಾಕಿತು. ಎಂಬತ್ತರ ದಶಕದಲ್ಲಿ ಬಂದ ಟ್ವಿನ್ ಹೆಚ್ಚು ಓಡಲಿಲ್ಲ. ಪೆಟ್ರೋಲ್ ಕುಡಿಯುವ ಗಾಡಿಯನ್ನು ಆಗ ಎಷ್ಟು ಜನ ಕೊಂಡಾರು? ಹಾಗಾಗಿಯೇ ಇಂದು ಅಪರೂಪ. ಎರಡು ಸಿಲಿಂಡರು, ಎರಡು ಸೈಲೆನ್ಸರು, ಲೆಕ್ಕ ಸರಿಯಾಗಿದೆ.

ನನ್ನ ರೋಡ್‌ಕಿಂಗಿನ ಲೆಕ್ಕವೇ ಬೇರೆ. 250 ಸಿಸಿಯ ಒಂದೇ ಸಿಲಿಂಡರು, ಸೈಲೆನ್ಸರು ಮಾತ್ರ ಎರಡು! ಗೇರು ಹಾಕುವ ಕಡ್ಡಿಯೇ ಕಿಕ್ಕರ್ ಕೂಡ: ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ, ಒದೆಯಬೇಕು. ಗೊತ್ತಿಲ್ಲದವರು ಕಿಕ್ಕರ್ ಎಲ್ಲೆಂದು ಬಲಗಡೆ ಹುಡುಕುವುದನ್ನು ನೋಡುವುದೇ ಒಂದು ಸುಖ. ಪೆಟ್ರೋಲಿಗೆ ಆಯಿಲ್ ಬೆರೆಸುವ ಅಳತೆ ನನ್ನ ಕೈಗೆ ಕೂತುಹೋಗಿದೆ. ನೀಲಿ ಹೊಗೆ ಬಿಟ್ಟರೆ ಮನೆಯವಳು ಬೈಯುತ್ತಾಳೆ, ನಿಜ.

ಟ್ವಿನ್ ಸ್ಟಾರ್ಟ್ ಮಾಡಿ ನೋಡಿದೆ. ನಯವಾದ ದನಿ, ಚೆನ್ನಾಗಿದೆ. ನನ್ನದರ ಡಬ್‌ಡಬ್ ಅದರಲ್ಲಿಲ್ಲ.

"ಏನ್ಸಾರ್, ಪೇಪರ್ ಮಾಡಿಸ್ಲಾ?" ಅಂದರು ಮೆಕ್ಯಾನಿಕ್ ಭಾಯಿ.

"ಅದರ ಕ್ರ್ಯಾಂಕ್ ಹೋದ್ರೆ ಸಾಮಾನು ಸಿಗತ್ತಾ ಭಾಯಿ?"

ಅವರು ನಕ್ಕರು. "ನಿಮ್ಮದಕ್ಕಾದ್ರೆ ಇಲ್ಲೇ, ಈ ಬೀದೀಲೇ ತರಿಸ್ತೀನಿ."

ರೋಡ್‌ಕಿಂಗಿನ ಕಡ್ಡಿ ಒಳಕ್ಕೆ ಒತ್ತಿದೆ. ಎರಡನೇ ಒದೆತಕ್ಕೇ ಹತ್ತಿಕೊಂಡಿತು.