ಕೃಷ್ಣ ಬದಲಾಗುವಾಗ ಎದ್ದು ಹೋಗಬೇಡಿ

‘ಅಯ್ಯೋ, ಇದೇನ್ರೀ ರಟ್ಟಿನ ಡಬ್ಬ!’ ಅಂತ ನಗುವವರ ಪಕ್ಕ ಕೂತು ‘ಸ್ಟಾರ್ ವಾರ್ಸ್ ಅನ್‌ಕಟ್’ ನೋಡುವ ಸಂಕಟ ನನ್ನ ವೈರಿಗೂ ಬೇಡ. ಕೇಸಿ ಪ್ಯೂ ಎಂಬಾತ 1977ರ ‘ಸ್ಟಾರ್ ವಾರ್ಸ್’ ಸಿನಿಮಾವನ್ನು 15 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಬೇಕಾದ್ದನ್ನು ಆರಿಸಿಕೊಂಡು ನೀವೇ ತೆಗೆದು ಕಳಿಸಿ ಅಂದ. ಅಭಿಮಾನಿಗಳು ಕಳಿಸಿದ್ದನ್ನು ಸಾಲಾಗಿ ಜೋಡಿಸಿದ. 2010ರಲ್ಲಿ ಅದಕ್ಕೆ ಎಮ್ಮಿ ಪ್ರಶಸ್ತಿಯೂ ಬಂತು. ನಾಯಕ ಒಂದು ತುಂಡಿನಲ್ಲಿ ಮನುಷ್ಯ, ಮುಂದಿನದರಲ್ಲಿ ಗೊಂಬೆ, ಅದರಾಚೆ ಗೀಚಿದ ಚಿತ್ರ.

ಹೊಸಬರು ತುಂಡು ನೋಡುತ್ತಾರೆ. ರಸಿಕ ಹೊಲಿಗೆ ನೋಡುತ್ತಾನೆ.

ಕನಕಪುರದವರಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ನಮ್ಮ ಕಡೆ ಊರವರೇ ಕೈಯಿಂದ ದುಡ್ಡು ಹಾಕಿ ಆಡುವ ‘ಕುರುಕ್ಷೇತ್ರ’ದ ಕರಪತ್ರ ಓದಿ: 1ನೇ ಕೃಷ್ಣ, 2ನೇ ಕೃಷ್ಣ, 1ನೇ ದುರ್ಯೋಧನ, 2ನೇ ದುರ್ಯೋಧನ. ದುಡ್ಡು ಕಟ್ಟುವವರು ಹೆಚ್ಚಾದರೆ ಒಬ್ಬ ದೇವರು ಇಬ್ಬರ ಪಾಲಾಗುತ್ತಾನೆ. ಸಾತನೂರು ಕಡೆಯ ಒಂದು ಹಳ್ಳಿಯಲ್ಲಿ, ನಡುರಾತ್ರಿ ದಾಟಿದ ಮೇಲೆ, ಸಣಕಲು ಕೃಷ್ಣ ಕಂದ ಮುಗಿಸಿ ಒಳಗೆ ಹೋದ. ಆಮೇಲೆ ಬಂದವನಿಗೆ ಡೊಳ್ಳು ಹೊಟ್ಟೆ, ಶಾರೀರವೂ ಬೇರೆ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಬದಲಿಸಿ ಹಿಡಿದರು. ಪಕ್ಕದಲ್ಲಿದ್ದ ಅಜ್ಜಿ ಮೊದಲನೆಯವನಿಗೆ ಮುಗಿದ ಹಾಗೇ ಇವನಿಗೂ ಕೈಮುಗಿದರು. ನನ್ನ ಕಣ್ಣು ತೆರೆದದ್ದು ಅಲ್ಲಿ. ಮೈ ಬೇರೆಯಾದರೂ ಆ ನಡಿಗೆ, ಆ ಮುಗುಳ್ನಗೆ, ಕೈ ತಿರುಗಿಸುವ ವರಸೆ ಈಚೆಗೆ ದಾಟಿ ಬಂದಿತ್ತು. ದಾಟದಿದ್ದ ರಾತ್ರಿಗಳನ್ನೂ ನೋಡಿದ್ದೇನೆ. ಅಂದು ಜನ ಬೀಡಿಗೆ ಎದ್ದು ಹೋಗುತ್ತಾರೆ. ‘ಅನ್‌ಕಟ್’ನಲ್ಲೂ ಅಷ್ಟೇ. ಎರಡು ಕಿವಿಯ ಮೇಲೆ ಉಂಡೆಯಾಗಿ ಏನೇ ಕೂತಿರಲಿ, ಅವಳು ರಾಜಕುಮಾರಿ ಲೇಯಾ.

1977ರಲ್ಲೇ ಬಂದ ‘ಬಭ್ರುವಾಹನ’ದಲ್ಲಿ ಲೆಕ್ಕ ತಿರುವುಮುರುವು: ರಾಜಕುಮಾರ್ ಅವರೇ ಅರ್ಜುನ, ಅವರೇ ಬಭ್ರುವಾಹನ. ರಾಜ್ಯೋತ್ಸವದ ವೇದಿಕೆಯಲ್ಲಿ ಅದನ್ನು ಇಬ್ಬರು ಹುಡುಗರು ಆಡಿದರೆ ನಮ್ಮವರು ನೋಡುವುದು ಯಾರ ಮೂಗು ಅಣ್ಣಾವ್ರ ಹಾಗಿದೆ ಅಂತ. ಮೂಗು ನೋಡುವವರಿಗೆ ಫ್ಲೆಕ್ಸ್ ಸಾಕು, ನಾಟಕ ಯಾಕೆ?

ಮಿಸಿಸಿಪ್ಪಿಯ ಹುಡುಗರು 1982ರಲ್ಲಿ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಮರುಸೃಷ್ಟಿಗೆ ಕೈಹಾಕಿ ಏಳು ವರ್ಷ ಎಳೆದರು. ಒಂದು ದೃಶ್ಯದಲ್ಲಿ ಬೆಳೆದ ಹುಡುಗ ಮುಂದಿನದರಲ್ಲಿ ಮತ್ತೆ ಚಿಕ್ಕವನು. ಅದನ್ನೂ ನೋಡಿ.

ಇನ್ನು ರೀಲ್ಸ್ ಶೂರರು. 1975ರ ‘ಶೋಲೆ’ ತೆಗೆದದ್ದು ನಮ್ಮ ರಾಮನಗರದ ಬಂಡೆಗಳಲ್ಲಿ; ರಾಮದೇವರ ಬೆಟ್ಟಕ್ಕೆ ಬಂದವರೆಲ್ಲ ಮೊಬೈಲ್ ಮುಂದೆ ಗಬ್ಬರ್ ಆಗಿ ಕಿರುಚಿ ಇಳಿಯುತ್ತಾರೆ. ಗಬ್ಬರ್ ಒಬ್ಬನಿಂದ ಮೂರು ಗಂಟೆಯ ಸಿನಿಮಾ ಆಗುತ್ತದೆಯೇ? ಬಾಗಿಲು ತೆರೆಯುವವನು, ಕುದುರೆ ಹಿಡಿಯುವವನು, ಸುಮ್ಮನೆ ನಿಂತು ಕೇಳುವವನು ಯಾರು? ಒಟ್ಟುಗೂಡಿ ತೆಗೆದ ಸಿನಿಮಾದಲ್ಲಿ ನಾನು ಮೊದಲು ಹುಡುಕುವುದೇ ಯಾರಿಗೂ ಬೇಡವಾದ ಆ ತುಂಡನ್ನು ಹೊತ್ತವನನ್ನು. ‘ಶೋಲೆ’ಯನ್ನು ಯಾರಾದರೂ ಹೀಗೆ ಹಂಚುವುದಾದರೆ ಠಾಕೂರನ ಆಳು ರಾಮಲಾಲನ 15 ಸೆಕೆಂಡು ನನಗಿರಲಿ. ಗಬ್ಬರ್‌ಗೆ ಕ್ಯೂ ಆಗಲೇ ರಾಮನಗರ ಬಸ್ ಸ್ಟ್ಯಾಂಡ್ ದಾಟಿದೆ.